ಗಂಟೆ ಎಷ್ಟು ಸಲ ಹೊಡೀತು ಅಂತ ಎಣಿಸಬೇಡಿ

ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣಿಸುತ್ತದೆ. ಯಾರೋ ಒಂದು ಫೋಲ್ಡರಿಗೆ ಫೈಲು ಹಾಕ್ತಾರೆ, ನಮ್ಮ ಸರ್ವರ್ ಅದನ್ನು ತಕ್ಷಣ ಗಮನಿಸಿ ಏನೋ ಒಂದು ಕೆಲಸ ಮಾಡುತ್ತದೆ. ಎಕ್ಸ್‌ರೇ ಚಿತ್ರ ಬಿದ್ದರೆ ಮಾಡೆಲ್ ಓಡಿಸೋದು, ಬಿಲ್ಲಿನ ಫೋಟೋ ಬಿದ್ದರೆ ಅದರಲ್ಲಿರೋ ಮೊತ್ತ ಓದೋದು, ಹೀಗೆ. ಡೆಮೊ ದಿನ ಒಂದೇ ಒಂದು ಫೈಲು ಹಾಕಿ ತೋರಿಸ್ತೀವಿ, ಕೆಲಸ ಆಗತ್ತೆ, ಎಲ್ಲರೂ ತಲೆಯಾಡಿಸ್ತಾರೆ. ಅದೇ ಫೋಲ್ಡರಿಗೆ ಒಂದೇ ಏಟಿಗೆ 200 ಫೈಲು ಎಳೆದು ಹಾಕಿದರೆ ಏನಾಗತ್ತೆ ಅನ್ನೋದನ್ನ ವೈವಾದಲ್ಲೂ ಯಾರೂ ಕೇಳೋದಿಲ್ಲ.

ನಾವು ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. 60 ಪ್ರಾಜೆಕ್ಟ್ ತಂಡಗಳು ತಮ್ಮ ರಿಪೋರ್ಟಿನ ಪಿಡಿಎಫ್ ಅನ್ನು ಡ್ರಾಪ್‌ಬಾಕ್ಸಿನ ಒಂದು ಹಂಚಿಕೊಂಡ ಫೋಲ್ಡರಿಗೆ ಹಾಕಬೇಕು. ಫೋಲ್ಡರು ಪ್ರಾಜೆಕ್ಟ್ ಕೋಆರ್ಡಿನೇಟರ್ ಅವರ ಅಕೌಂಟಿನಲ್ಲಿದೆ. ನಮ್ಮ ಆ್ಯಪ್ ಆ ಅಕೌಂಟಿಗೆ ಜೋಡಣೆಯಾಗಿದೆ. ಫೈಲು ಬಂದ ಕೂಡಲೇ ಅದರ ಹೆಸರಲ್ಲಿರೋ ಯುಎಸ್‌ಎನ್ ಓದಿ ರಿಜಿಸ್ಟರಿಗೆ ಸೇರಿಸಬೇಕು, ಗೈಡ್‌ಗೆ ಒಂದು ಮೇಲ್ ಕಳಿಸಬೇಕು. ಗಡುವು ರಾತ್ರಿ 11:59. ಎಲ್ಲರೂ ಯಾವಾಗ ಹಾಕ್ತಾರೆ ಅಂತ ಹೇಳೋದೇ ಬೇಡ.

ಆ ರಾತ್ರಿ ಎರಡು ಥರದ ತಪ್ಪು ಆಗಬಹುದು. ಒಂದು, ಅದೇ ರಿಪೋರ್ಟು ರಿಜಿಸ್ಟರಿನಲ್ಲಿ ಮೂರು ಸಲ ದಾಖಲಾಗಿ ಗೈಡ್‌ಗೆ ಐದು ಮೇಲ್ ಹೋಗೋದು. ಬೈಸಿಕೊಂಡು ಸುಮ್ಮನಾಗಬಹುದು. ಇನ್ನೊಂದು, ಸಮಯಕ್ಕೆ ಸರಿಯಾಗಿ ಹಾಕಿದ ರಿಪೋರ್ಟು ರಿಜಿಸ್ಟರಿಗೆ ಸೇರದೇ ಹೋಗೋದು. ಇದು ಒಬ್ಬರ ಮಾರ್ಕ್ಸ್ ವಿಷಯ. ಮೊದಲನೇ ತಪ್ಪನ್ನು ಸರಿಮಾಡೋಕೆ ಹೋಗಿಯೇ ಎರಡನೇ ತಪ್ಪನ್ನು ಸೃಷ್ಟಿಸೋದು ಬಹಳ ಸುಲಭ ಅನ್ನೋದೇ ಇಲ್ಲಿನ ಕಷ್ಟ.

ಗಂಟೆ ಏನು ಹೇಳತ್ತೆ, ಏನು ಹೇಳಲ್ಲ

ಫೋಲ್ಡರಿನಲ್ಲಿ ಹೊಸದೇನಾದ್ರೂ ಬಂತಾ ಅಂತ ನಿಮಿಷಕ್ಕೊಮ್ಮೆ ಹೋಗಿ ಕೇಳೋದು ಪೋಲಿಂಗ್. ಹಾಸ್ಟೆಲ್ ಮೆಸ್ಸಿನ ಬಾಗಿಲಿಗೆ ಐದು ನಿಮಿಷಕ್ಕೊಮ್ಮೆ ಹೋಗಿ ‘ಊಟ ಆಯ್ತಾ ಅಣ್ಣಾ’ ಅಂತ ಕೇಳಿದ ಹಾಗೆ. ವೆಬ್‌ಹುಕ್ ಅಂದ್ರೆ ಮೆಸ್ಸಿನವರೇ ಗಂಟೆ ಹೊಡೆಯೋದು. ನಾವು ಮೊದಲೇ ಒಂದು ಯುಆರ್‌ಎಲ್ ಕೊಟ್ಟಿರ್ತೀವಿ, ಏನಾದರೂ ಬದಲಾದಾಗ ಅವರೇ ಆ ವಿಳಾಸಕ್ಕೆ ಒಂದು ಎಚ್‌ಟಿಟಿಪಿ ಪೋಸ್ಟ್ ಕಳಿಸ್ತಾರೆ. ಈ ಹೆಸರು ಚಾಲ್ತಿಗೆ ತಂದದ್ದು ಜೆಫ್ ಲಿಂಡ್ಸೆ, 2007ರಲ್ಲಿ.

ಡ್ರಾಪ್‌ಬಾಕ್ಸ್ ಮೊದಲು ನಮ್ಮ ಯುಆರ್‌ಎಲ್ ನಿಜವಾಗಿ ನಮ್ಮದೇನಾ ಅಂತ ಪರೀಕ್ಷಿಸುತ್ತದೆ. ಒಂದು ಗೆಟ್ ರಿಕ್ವೆಸ್ಟಿನಲ್ಲಿ ‘ಚಾಲೆಂಜ್’ ಅನ್ನೋ ಪದ ಕಳಿಸತ್ತೆ, ನಾವು ಅದನ್ನೇ ಬರೀ ಪಠ್ಯವಾಗಿ ವಾಪಸ್ ಹೇಳಬೇಕು. ಆಮೇಲೆ ಬದಲಾವಣೆ ಆದಾಗಲೆಲ್ಲ ಒಂದು ಪುಟ್ಟ ಜೇಸನ್ ಬರತ್ತೆ. ಮೊದಲ ಸಲ ತೆರೆದು ನೋಡಿದವರಿಗೆ ನಿರಾಶೆ ಆಗೋದು ಖಂಡಿತ, ಯಾಕಂದ್ರೆ ಅದರಲ್ಲಿ ಇರೋದು ಅಕೌಂಟ್ ಐಡಿಗಳ ಪಟ್ಟಿ ಅಷ್ಟೇ. ಯಾವ ಫೈಲು, ಯಾವ ಫೋಲ್ಡರು, ಸೇರಿಸಿದ್ದೋ ಅಳಿಸಿದ್ದೋ, ಯಾವುದೂ ಇಲ್ಲ. ‘ಈ ಅಕೌಂಟಿನಲ್ಲಿ ಏನೋ ಬದಲಾಗಿದೆ, ಹೋಗಿ ನೋಡ್ಕೋ’ ಅನ್ನೋದಷ್ಟೇ ಅದರ ಅರ್ಥ. ಮೆಸ್ಸಿನ ಗಂಟೆ ಕೇಳಿ ಇವತ್ತು ಚಪಾತಿನೋ ಚಿತ್ರಾನ್ನನೋ ಗೊತ್ತಾಗಲ್ಲವಲ್ಲ, ಹಾಗೆ.

ಏನು ಬದಲಾಯ್ತು ಅಂತ ತಿಳಿಯೋಕೆ ಬೇರೆ ದಾರಿ ಇದೆ. ಮೊದಲು ‘ಲಿಸ್ಟ್ ಫೋಲ್ಡರ್’ ಅಂತ ಕರೆದಾಗ ಫೈಲುಗಳ ಪಟ್ಟಿಯ ಜೊತೆಗೆ ಒಂದು ಕರ್ಸರ್ ಸಿಗುತ್ತದೆ. ಓದೋ ಪುಸ್ತಕದಲ್ಲಿ ಇಟ್ಟ ನವಿಲುಗರಿ ಅಂದ್ಕೊಳ್ಳಿ. ಮುಂದಿನ ಸಲ ಆ ಕರ್ಸರ್ ಕೊಟ್ಟು ‘ಕಂಟಿನ್ಯೂ’ ಅಂತ ಕರೆದರೆ, ಆ ಜಾಗದಿಂದ ಈಚೆಗೆ ಬದಲಾದದ್ದು ಮಾತ್ರ ಬರುತ್ತದೆ, ಜೊತೆಗೆ ಹೊಸ ಕರ್ಸರ್. ‘ಹ್ಯಾಸ್ ಮೋರ್’ ಅನ್ನೋದು ನಿಜ ಅಂತ ಇರೋ ತನಕ ಕೇಳ್ತಾ ಹೋಗಬೇಕು.

ಇಷ್ಟು ಅರ್ಥವಾದರೆ ಸುರಿಮಳೆಯ ಭಯ ಅರ್ಧ ಹೋಗತ್ತೆ. ಗಂಟೆ ಒಂದು ಸಲ ಹೊಡೆದರೂ ನಲವತ್ತು ಸಲ ಹೊಡೆದರೂ ನಾವು ಕೇಳೋ ಪ್ರಶ್ನೆ ಒಂದೇ: ನನ್ನ ಕರ್ಸರಿನಿಂದ ಈಚೆಗೆ ಏನಾಯ್ತು? ಉತ್ತರವೂ ಒಂದೇ. ಸುದ್ದಿ ಇರೋದು ಗಂಟೆಯಲ್ಲಲ್ಲ, ಕರ್ಸರಿನಲ್ಲಿ. ಹಾಗಾಗಿ ಗಂಟೆಗಳನ್ನು ಒಂದರ ಮೇಲೊಂದು ಮಡಚಿ ಹಾಕಬಹುದು. ಹೇಗೆ ಮಡಚಬೇಕು ಅನ್ನೋದರಲ್ಲಿ ಮಾತ್ರ ಜಾಗ್ರತೆ ಬೇಕು.

ಬಾಗಿಲಲ್ಲಿ ನಿಂತು ಅಡುಗೆ ಮಾಡಬೇಡಿ

ಡ್ರಾಪ್‌ಬಾಕ್ಸಿಗೆ 10 ಸೆಕೆಂಡಿನೊಳಗೆ ಉತ್ತರ ಕೊಡಬೇಕು. ಫ್ಲಾಸ್ಕ್ ಕಲಿತ ಹೊಸದರಲ್ಲಿ ಎಲ್ಲರೂ ಬರೆಯೋ ಕೋಡು ಹೀಗಿರತ್ತೆ: ಪೋಸ್ಟ್ ಬಂತು, ಅದರ ಫಂಕ್ಷನ್ನಿನಲ್ಲೇ ಡ್ರಾಪ್‌ಬಾಕ್ಸನ್ನು ಕೇಳಿ, ಪಿಡಿಎಫ್ ಇಳಿಸಿಕೊಂಡು, ಪುಟ ಎಣಿಸಿ, ಮೇಲ್ ಕಳಿಸಿ, ಕೊನೆಗೆ 200 ಅಂತ ಉತ್ತರ. ಒಂದು ಫೈಲಿಗೆ ಇದು ನಡೆಯತ್ತೆ. ಮೇಲ್ ಸರ್ವರ್ ಸ್ವಲ್ಪ ನಿಧಾನ ಆದರೆ ಸಾಕು, 10 ಸೆಕೆಂಡು ಮುಗೀತು, ಅವರ ಲೆಕ್ಕದಲ್ಲಿ ನಾವು ಫೇಲು. ಹೀಗೆ ಸೋಲುಗಳು ಹೆಚ್ಚಾದರೆ ನಮ್ಮ ವೆಬ್‌ಹುಕ್ಕನ್ನೇ ಅವರು ನಿಲ್ಲಿಸಿಬಿಡಬಹುದು. ಗಡುವಿನ ರಾತ್ರಿ ಅದಕ್ಕಿಂತ ಕೆಟ್ಟದ್ದು ಬೇಡ.

ಆದ್ದರಿಂದ ಬಾಗಿಲಲ್ಲಿ ಮೂರೇ ಕೆಲಸ: ಸಹಿ ನೋಡು, ಅಕೌಂಟ್ ಐಡಿ ಬರೆದಿಡು, 200 ಹೇಳಿ ಕಳಿಸು. ಸಹಿ ಅಂದ್ರೆ ‘ಎಕ್ಸ್-ಡ್ರಾಪ್‌ಬಾಕ್ಸ್-ಸಿಗ್ನೇಚರ್’ ಅನ್ನೋ ಹೆಡರ್. ಬಂದ ಬಾಡಿಯ ಮೇಲೆ ನಮ್ಮ ಆ್ಯಪ್ ಸೀಕ್ರೆಟ್ ಬಳಸಿ ಶಾ-256 ಎಚ್‌ಮ್ಯಾಕ್ ಲೆಕ್ಕ ಹಾಕಿ ಹೋಲಿಸಬೇಕು. ಬಂದ ಬೈಟುಗಳು ಹೇಗಿವೆಯೋ ಹಾಗೇ ಲೆಕ್ಕ ಹಾಕಿ. ಜೇಸನ್ ಬಿಚ್ಚಿ ಮತ್ತೆ ಕಟ್ಟಿದರೆ ಒಂದು ಸ್ಪೇಸ್ ಆಚೀಚೆ ಆದರೂ ಸಹಿ ಹೊಂದಲ್ಲ, ಮಧ್ಯಾಹ್ನ ಪೂರ್ತಿ ಹಾಳಾಗತ್ತೆ. ಹೋಲಿಸೋಕೆ ಪೈಥಾನಿನ ಎಚ್‌ಮ್ಯಾಕ್ ಲೈಬ್ರರಿಯಲ್ಲಿ ಅದಕ್ಕೆಂದೇ ಒಂದು ಫಂಕ್ಷನ್ ಇದೆ, ಎರಡು ಸಮ ಚಿಹ್ನೆಯ ಬದಲು ಅದನ್ನು ಬಳಸಿ.

ನಿಜವಾದ ಕೆಲಸ ಬೇರೆ ಕಡೆ, ಒಬ್ಬ ವರ್ಕರ್ ಮಾಡಬೇಕು. ಡ್ರಾಪ್‌ಬಾಕ್ಸಿನವರದೇ ಮಾದರಿ ಆ್ಯಪ್ ಒಂದಿದೆ, ಮಾರ್ಕ್‌ಡೌನ್ ಫೈಲನ್ನು ಎಚ್‌ಟಿಎಂಎಲ್ ಮಾಡೋದು. ಅದು ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಟ್ಟು ಬೇಗ ಉತ್ತರಿಸುತ್ತದೆ, ಗಟ್ಟಿಯಾಗಿ ಮಾಡಬೇಕಂದ್ರೆ ಕ್ಯೂ ಬಳಸಿ ಅಂತ ಅಲ್ಲೇ ಸೂಚಿಸಿದೆ ಕೂಡ. ಥ್ರೆಡ್ ಸಾಕಾ ಅಂದ್ರೆ ನಮ್ಮ ಅಭಿಪ್ರಾಯದಲ್ಲಿ ಸಾಲದು. ಸರ್ವರ್ ರೀಸ್ಟಾರ್ಟ್ ಆದರೆ ಥ್ರೆಡ್ಡಿನ ಜೊತೆಗೆ ಅದರ ನೆನಪೂ ಹೋಗತ್ತೆ. ಹಾಗಂತ ಇದಕ್ಕೆ ಕಾಫ್ಕಾ ತರೋ ಅಗತ್ಯವೂ ಇಲ್ಲ. ರೆಡಿಸ್ ಇದ್ದರೆ ಸಾಕು, ಅದೂ ಬೇಡ ಅಂದ್ರೆ ಡೇಟಾಬೇಸಿನ ಒಂದು ಟೇಬಲ್ ಸಾಕು. ಸಿನಾಪ್ಸಿಸ್ ದಪ್ಪ ಕಾಣಿಸಲಿ ಅಂತ ಕಾಫ್ಕಾ ಸೇರಿಸೋದು ಬೇರೆ ವಿಷಯ.

ಮಡಚುವ ಬಗೆ

ಕ್ಯೂಗೆ ಅಕೌಂಟ್ ಐಡಿಯನ್ನು ಬಂದ ಹಾಗೆ ತಳ್ಳುತ್ತಾ ಹೋದರೆ 200 ಗಂಟೆಗೆ 200 ಸಾಲು. ನಾಲ್ಕು ವರ್ಕರ್ ಇದ್ದರೆ ನಾಲ್ವರೂ ಒಂದೇ ಅಕೌಂಟನ್ನು ಹಿಡಿದು, ಒಂದೇ ಕರ್ಸರ್ ಕೊಟ್ಟು, ಒಂದೇ ಪಟ್ಟಿ ಪಡೆದು, ನಾಲ್ಕು ಸಲ ಮೇಲ್ ಕಳಿಸ್ತಾರೆ. ಅಷ್ಟೇ ಅಲ್ಲ, ಒಂದೇ ಬಳಕೆದಾರನಿಗೆ ಒಂದೇ ಥರದ ‘ಲಿಸ್ಟ್ ಫೋಲ್ಡರ್’ ಕರೆಗಳನ್ನು ಏಕಕಾಲಕ್ಕೆ ಮಾಡಿದರೆ ಡ್ರಾಪ್‌ಬಾಕ್ಸ್ 429 ಅಂತ ತಡೆಯಬಹುದು. ಹಾಗಾಗಿ ಸಾಲು ಬೇಡ, ಗಣ ಬೇಕು. ರೆಡಿಸ್ ಸೆಟ್ಟಿಗೆ ಅದೇ ಐಡಿಯನ್ನು 200 ಸಲ ಸೇರಿಸಿದರೂ ಒಂದೇ ಇರತ್ತೆ. ಇದನ್ನು ನಾವು ‘ಬಾಕಿ’ ಪಟ್ಟಿ ಅನ್ನೋಣ.

ಜೊತೆಗೆ ಸ್ವಲ್ಪ ಕಾಯೋದೂ ಒಳ್ಳೇದು. ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಪುಷ್ ಬಟನ್ ಒಂದು ಸಲ ಒತ್ತಿದರೆ ಕೌಂಟರ್ ಏಳು ತೋರಿಸಿದ್ದು ನೆನಪಿದೆಯಾ? ಲೋಹದ ತುದಿಗಳು ಪುಟಿಯೋದರಿಂದ ಹಾಗಾಗತ್ತೆ, ಕೆಲವು ಮಿಲಿಸೆಕೆಂಡು ಕಾದು ಓದಿದರೆ ಸರಿಹೋಗತ್ತೆ. ಇಲ್ಲೂ ಅದೇ ಡಿಬೌನ್ಸ್. ಮೊದಲ ಗಂಟೆ ಬಂದ ಮೇಲೆ 5 ಸೆಕೆಂಡು ಕಾದು ಒಂದೇ ಸಲ ಕೇಳೋದು. ಆದರೆ ಒಂದು ಬಲೆ ಇದೆ. ‘ಪ್ರತಿ ಹೊಸ ಗಂಟೆಗೆ ಟೈಮರನ್ನು ಮತ್ತೆ 5ಕ್ಕೆ ತಿರುಗಿಸು’ ಅಂತ ಬರೆದರೆ, ಗಡುವಿನ ರಾತ್ರಿ ಪ್ರತಿ ನಾಲ್ಕು ಸೆಕೆಂಡಿಗೊಂದು ಫೈಲು ಬೀಳ್ತಾ ಇದ್ದರೆ ಟೈಮರ್ ಮುಗಿಯೋದೇ ಇಲ್ಲ. ಹೆಚ್ಚು ಕೆಲಸ ಇರುವಾಗಲೇ ವರ್ಕರ್ ಕೈಕಟ್ಟಿ ಕೂತಿರ್ತಾನೆ. ಆದ್ದರಿಂದ ಮೊದಲ ಗಂಟೆಯಿಂದ ಲೆಕ್ಕ ಹಾಕಿ, ಇಲ್ಲವೇ ಏನೇ ಆದರೂ 30 ಸೆಕೆಂಡಿಗಿಂತ ಹೆಚ್ಚು ಕಾಯಬೇಡ ಅಂತ ಮಿತಿ ಹಾಕಿ.

ಈಗ ಮುಖ್ಯ ವಿಷಯ. ಒಂದು ಅಕೌಂಟಿಗೆ ಒಂದು ಹೊತ್ತಿಗೆ ಒಬ್ಬನೇ ವರ್ಕರ್ ಇರಲಿ ಅಂತ ಬೀಗ ಹಾಕ್ತೀವಿ. ಅಲ್ಲಿವರೆಗೆ ಸರಿ. ಆಮೇಲೆ ಬಹಳ ಜನ ಬರೆಯೋ ಸಾಲು: ‘ಬೀಗ ಹಾಕಿದ್ದರೆ, ಈಗಾಗಲೇ ಕೆಲಸ ನಡೀತಿದೆ, ಈ ಗಂಟೆಯನ್ನು ಬಿಟ್ಟುಬಿಡು’. ಓದಿದರೆ ಸರಿ ಅನ್ನಿಸತ್ತೆ. ಗಡಿಯಾರ ಇಟ್ಟು ನೋಡೋಣ.

11:58:10ಕ್ಕೆ ಗಂಟೆ ಹೊಡೆಯಿತು, ವರ್ಕರ್ ಬೀಗ ಹಾಕಿ ಡ್ರಾಪ್‌ಬಾಕ್ಸನ್ನು ಕೇಳಿದ. 11:58:12ಕ್ಕೆ ಎಂಟು ಫೈಲುಗಳ ಪಟ್ಟಿ ಬಂತು, ‘ಹ್ಯಾಸ್ ಮೋರ್’ ಇಲ್ಲ ಅಂತಲೂ ಬಂತು. ಈಗ ಅವನು ಎಂಟು ಪಿಡಿಎಫ್ ಇಳಿಸಿಕೊಳ್ಳುತ್ತಾ ಕೂತ. 11:58:20ಕ್ಕೆ ಇನ್ನೊಂದು ತಂಡ ತನ್ನ ರಿಪೋರ್ಟು ಹಾಕಿತು, ಗಂಟೆ ಹೊಡೆಯಿತು. ಬೀಗ ಇದೆ, ಹಾಗಾಗಿ ಬಿಟ್ಟೆವು. 11:58:40ಕ್ಕೆ ವರ್ಕರ್ ಎಂಟನ್ನೂ ಮುಗಿಸಿ ಬೀಗ ತೆಗೆದು ಹೋದ. ಒಂಬತ್ತನೇ ಫೈಲು ಡ್ರಾಪ್‌ಬಾಕ್ಸಿನಲ್ಲಿ ಕೂತಿದೆ. ಅದರ ಗಂಟೆ ಹೊಡೆದಾಗಿದೆ, ಇನ್ನೊಮ್ಮೆ ಹೊಡೆಯಲ್ಲ. ಅದೇ ಕೊನೆಯ ತಂಡವಾಗಿದ್ದರೆ ಬೇರೆ ಯಾರ ಗಂಟೆಯೂ ಬರೋದಿಲ್ಲ. ಬೆಳಿಗ್ಗೆ ರಿಜಿಸ್ಟರಿನಲ್ಲಿ ಅವರ ಸಾಲು ಖಾಲಿ, ಲಾಗಿನಲ್ಲಿ ಒಂದೂ ಎರರ್ ಇಲ್ಲ.

ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಿನಲ್ಲಿ ‘ಲಾಸ್ಟ್ ವೇಕಪ್’ ಅಂತ ಓದಿರ್ತೀವಲ್ಲ, ಅದು ಇದೇ. ಎಬ್ಬಿಸೋ ಕರೆ ಬಂದಾಗ ಇನ್ನೂ ಮಲಗಿರಲಿಲ್ಲ, ಮಲಗಿದ ಮೇಲೆ ಕರೆ ಬರಲಿಲ್ಲ. ಹತ್ತು ಅಂಕದ ಪ್ರಶ್ನೆಯಲ್ಲಿ ಬರೆದು ಮರೆಯೋ ವಿಷಯ ಇಲ್ಲಿ ಒಂದು ತಂಡದ ರಿಪೋರ್ಟನ್ನು ನುಂಗುತ್ತದೆ.

ಪರಿಹಾರ ಎರಡು ಸಣ್ಣ ಕ್ರಮಗಳಲ್ಲಿದೆ. ಬಾಗಿಲಲ್ಲಿರುವವನು ಬೀಗ ಇದೆಯೋ ಇಲ್ಲವೋ ನೋಡಲೇಬಾರದು, ಗಂಟೆ ಬಂದರೆ ‘ಬಾಕಿ’ಗೆ ಸೇರಿಸಿ ವರ್ಕರನ್ನು ಕೂಗಬೇಕು ಅಷ್ಟೇ. ವರ್ಕರ್ ಬೀಗ ಹಾಕಿದ ಕೂಡಲೇ, ಡ್ರಾಪ್‌ಬಾಕ್ಸನ್ನು ಕೇಳೋದಕ್ಕೆ ಮುಂಚೆ, ಆ ಐಡಿಯನ್ನು ‘ಬಾಕಿ’ಯಿಂದ ತೆಗೀಬೇಕು. ಕೆಲಸ ಮುಗಿದ ಮೇಲೆ ತೆಗೆದರೆ ಮಧ್ಯೆ ಬಂದ ಗಂಟೆಯೂ ಅದರ ಜೊತೆ ಅಳಿಸಿಹೋಗತ್ತೆ. ಮುಂಚೆಯೇ ತೆಗೆದರೆ, ಮಧ್ಯೆ ಬಂದ ಗಂಟೆ ಐಡಿಯನ್ನು ಮತ್ತೆ ಸೇರಿಸಿರತ್ತೆ. ಇನ್ನು ಕೊನೆಯಲ್ಲಿ: ಮೊದಲು ಬೀಗ ಬಿಡಿ, ಆಮೇಲೆ ‘ಬಾಕಿ’ ನೋಡಿ, ಐಡಿ ಇದ್ದರೆ ಇನ್ನೊಂದು ಸುತ್ತು ಓಡಿ. ಇದನ್ನು ತಿರುಗಾಮುರುಗಾ ಮಾಡಿ, ಅಂದ್ರೆ ಮೊದಲು ‘ಬಾಕಿ’ ನೋಡಿ ಆಮೇಲೆ ಬೀಗ ಬಿಟ್ಟರೆ, ಆ ಎರಡರ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಬಂದ ಗಂಟೆ ಮತ್ತೆ ಕಳೆದುಹೋಗತ್ತೆ: ಅದರ ವರ್ಕರ್ ಬೀಗ ನೋಡಿ ವಾಪಸ್ ಹೋಗಿರ್ತಾನೆ, ನಮ್ಮವನು ಆಗಲೇ ಪಟ್ಟಿ ನೋಡಿ ಆಗಿರತ್ತೆ.

ಹೀಗೆ ಬರೆದಾಗ ಒಂದು ಚಂದದ ಸಂಗತಿ ಸಿಗುತ್ತದೆ. ಓಟ ನಡೀತಿರುವಾಗ ಒಂದು ಗಂಟೆ ಬರಲಿ, ಐನೂರು ಬರಲಿ, ಆಮೇಲೆ ಬೇಕಾಗೋದು ಇನ್ನೊಂದೇ ಸುತ್ತು. ಸುರಿಮಳೆ ಎಷ್ಟೇ ಜೋರಾದರೂ ಒಂದು ಅಕೌಂಟಿಗೆ ಬಾಕಿ ಇರೋ ಕೆಲಸ ‘ಈಗ ಓಡುತ್ತಿರೋದು, ಮತ್ತು ಅದರ ನಂತರದ್ದು’ ಇಷ್ಟನ್ನು ಮೀರೋದಿಲ್ಲ.

ಬೀಗಕ್ಕೆ ಅವಧಿ ಇರಲಿ, ಇಲ್ಲದಿದ್ದರೆ ವರ್ಕರ್ ಮಧ್ಯದಲ್ಲಿ ಸತ್ತರೆ ಬೀಗ ಹಾಗೇ ಉಳಿಯತ್ತೆ.

ಎರಡು ಸಲ ಆದರೂ ಪರವಾಗಿಲ್ಲ ಅನ್ನೋ ಹಾಗೆ

ಕರ್ಸರನ್ನು ಯಾವಾಗ ಉಳಿಸಬೇಕು? ಫೈಲುಗಳನ್ನು ದಾಖಲಿಸೋದಕ್ಕೆ ಮುಂಚೆ ಉಳಿಸಿದರೆ, ಅಷ್ಟರಲ್ಲಿ ಕರೆಂಟು ಹೋದರೆ ಆ ಫೈಲುಗಳು ನಮ್ಮ ಪಾಲಿಗೆ ಇಲ್ಲ. ದಾಖಲಿಸಿದ ಮೇಲೆ ಉಳಿಸಿದರೆ, ಕರೆಂಟು ಹೋದಾಗ ಅವೇ ಫೈಲುಗಳು ಇನ್ನೊಮ್ಮೆ ಬರ್ತವೆ. ಕಳೆದುಕೊಳ್ಳೋದಕ್ಕಿಂತ ಎರಡು ಸಲ ಬರೋದು ವಾಸಿ, ಆದ್ದರಿಂದ ಎರಡನೇದು. ಆಮೇಲೆ ಎರಡು ಸಲ ಬಂದರೂ ಫಲಿತಾಂಶ ಒಂದೇ ಇರೋ ಹಾಗೆ ನೋಡ್ಕೊಬೇಕು. ಡ್ರಾಪ್‌ಬಾಕ್ಸಿನ ಪ್ರತಿ ಫೈಲಿಗೆ ಒಂದು ಐಡಿ, ಪ್ರತಿ ಆವೃತ್ತಿಗೆ ಒಂದು ‘ರೆವ್’ ಇರತ್ತೆ. ರಿಜಿಸ್ಟರ್ ಟೇಬಲ್ಲಿನಲ್ಲಿ ಈ ಎರಡೂ ಸೇರಿ ಯೂನಿಕ್ ಅಂತ ಹಾಕಿ. ಎರಡನೇ ಸಲ ಸೇರಿಸೋಕೆ ಹೋದರೆ ಡೇಟಾಬೇಸೇ ಬೇಡ ಅನ್ನತ್ತೆ. ಹೊಸ ಸಾಲು ಸೇರಿದರೆ ಮಾತ್ರ ಮೇಲ್. ಆ ಮೇಲನ್ನೂ ನೇರವಾಗಿ ಕಳಿಸದೆ ‘ಕಳಿಸಬೇಕಾದ್ದು’ ಅನ್ನೋ ಟೇಬಲ್ಲಿಗೆ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆದರೆ ಇನ್ನೂ ಕ್ಷೇಮ.

ಈ ಅಭ್ಯಾಸ ಇದ್ದರೆ ಬೇರೆ ತೊಂದರೆಗಳೂ ಹಗುರ. ಡ್ರಾಪ್‌ಬಾಕ್ಸ್ ಕೆಲವೊಮ್ಮೆ ನಿಮ್ಮ ಕರ್ಸರ್ ಇನ್ನು ನಡೆಯಲ್ಲ, ಮೊದಲಿಂದ ಪಟ್ಟಿ ತಗೊಳ್ಳಿ ಅಂತ ‘ರೀಸೆಟ್’ ಎರರ್ ಕೊಡಬಹುದು. ಮೊದಲಿಂದ ಓದಿ, ಹಳೆಯವು ತಾವಾಗೇ ತಿರಸ್ಕೃತವಾಗ್ತವೆ. 429 ಬಂದರೆ ‘ರೀಟ್ರೈ-ಆಫ್ಟರ್’ ಹೆಡರಿನಲ್ಲಿ ಹೇಳಿದಷ್ಟು ಸೆಕೆಂಡು ಕಾದು ಮತ್ತೆ ಕೇಳಿ. ನಮ್ಮ ಆ್ಯಪ್ ಅದೇ ಫೋಲ್ಡರಿಗೆ ಏನಾದರೂ ಬರೆದರೆ ಅದಕ್ಕೂ ಗಂಟೆ ಹೊಡೆಯತ್ತೆ, ನಾವು ಮತ್ತೆ ಬರೀತೀವಿ, ಮತ್ತೆ ಗಂಟೆ. ಸೀಲ್ ಹಾಕಿದ ಪಿಡಿಎಫ್ ಇಡೋಕೆ ಬೇರೆ ಫೋಲ್ಡರ್ ಮಾಡಿ, ವರ್ಕರ್ ಆ ಕಡೆ ತಲೆ ಹಾಕದಿರಲಿ.

ಗಂಟೆಯೇ ತಲುಪದಿದ್ದರೆ? ನಮ್ಮ ಸರ್ವರ್ ಅರ್ಧ ಗಂಟೆ ಮಲಗಿದ್ದರೆ? ಅದಕ್ಕೆ 15 ನಿಮಿಷಕ್ಕೊಮ್ಮೆ ಎಲ್ಲ ಅಕೌಂಟುಗಳನ್ನೂ ‘ಬಾಕಿ’ಗೆ ಸೇರಿಸೋ ಒಂದು ಕ್ರಾನ್ ಇಟ್ಟರೆ ಸಾಕು. ಪೋಲಿಂಗನ್ನು ಬೈದು ಶುರುಮಾಡಿದ ಲೇಖನ ಕೊನೆಗೆ ಅದನ್ನೇ ವಾಪಸ್ ಕರೀತಿದೆ ಅಂತ ನಗಬಹುದು. ವೇಗಕ್ಕೆ ಗಂಟೆ, ಭದ್ರತೆಗೆ ಪೋಲಿಂಗ್, ಎರಡೂ ಬೇಕು.

ಇನ್ನು ಗಡುವಿನ ನ್ಯಾಯ. ವರ್ಕರ್ ಫೈಲನ್ನು ಮುಟ್ಟಿದ ಹೊತ್ತನ್ನು ಸಲ್ಲಿಕೆಯ ಹೊತ್ತು ಅಂತ ಬರೆದರೆ, ನಮ್ಮ ಕ್ಯೂ ತಡವಾದದ್ದಕ್ಕೆ ವಿದ್ಯಾರ್ಥಿ ದಂಡ ಕಟ್ಟಬೇಕಾಗತ್ತೆ. ಡ್ರಾಪ್‌ಬಾಕ್ಸ್ ಎರಡು ಸಮಯ ಕೊಡುತ್ತದೆ. ‘ಕ್ಲೈಂಟ್ ಮಾಡಿಫೈಡ್’ ಅನ್ನೋದು ಕಳಿಸಿದವರ ಕಂಪ್ಯೂಟರ್ ಹೇಳಿದ ಸಮಯ, ಅದನ್ನು ಯಾರೂ ಪರಿಶೀಲಿಸೋದಿಲ್ಲ. ಲ್ಯಾಪ್‌ಟಾಪಿನ ಗಡಿಯಾರ ಹಿಂದಕ್ಕೆ ತಿರುಗಿಸೋದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನೋಡಬೇಕಾದ್ದು ‘ಸರ್ವರ್ ಮಾಡಿಫೈಡ್’. ಅದು ಯುಟಿಸಿಯಲ್ಲಿ ಇರತ್ತೆ, ನಮ್ಮ ರಾತ್ರಿ 11:59 ಅಂದ್ರೆ ಅಲ್ಲಿ 18:29.

ಇಲ್ಲೊಂದು ಸೂಕ್ಷ್ಮ ಇದೆ, ಮಡಚಿದ್ದಕ್ಕೆ ನಾವು ಕೊಡೋ ಬೆಲೆ ಅದು. ಕರ್ಸರ್ ಹೇಳೋದು ಈಗಿನ ಸ್ಥಿತಿ, ನಡುವಿನ ಕಥೆಯಲ್ಲ. ಒಂದು ತಂಡ 11:50ಕ್ಕೆ ರಿಪೋರ್ಟು ಹಾಕಿ, ಕವರ್ ಪೇಜಿನಲ್ಲಿ ಗೈಡ್ ಹೆಸರು ತಪ್ಪಾಗಿದೆ ಅಂತ 12:05ಕ್ಕೆ ಅದೇ ಹೆಸರಲ್ಲಿ ಇನ್ನೊಂದು ಹಾಕಿತು ಅನ್ನಿ. ಆ ಹೊತ್ತಿನಲ್ಲಿ ವರ್ಕರ್ ಓಡಿರದಿದ್ದರೆ ನಮಗೆ ಕಾಣೋದು 12:05ರದ್ದು ಮಾತ್ರ, ತಡ ಅಂತ ಕೆಂಪು ಗೆರೆ ಬೀಳತ್ತೆ. ಆದ್ದರಿಂದ ತಡ ಅಂತ ಕಂಡ ಪ್ರತಿ ಫೈಲಿಗೂ ‘ಲಿಸ್ಟ್ ರಿವಿಷನ್ಸ್’ ಕರೆದು, ಗಡುವಿಗೆ ಮುಂಚಿನ ಆವೃತ್ತಿ ಇತ್ತಾ ಅಂತ ನೋಡಿಯೇ ತೀರ್ಮಾನಿಸಬೇಕು. ಹೀಗೆ ನೋಡಬೇಕಾದ ಫೈಲುಗಳು ನಾಲ್ಕೋ ಐದೋ ಇರತ್ತೆ, ಅದಕ್ಕೆ ಸೋಮಾರಿತನ ಬೇಡ.

ಗೂಗಲ್ ಡ್ರೈವ್‌ನದೂ ಹೆಚ್ಚುಕಡಿಮೆ ಇದೇ ರೀತಿ, ಗಂಟೆ ಬೇರೆ, ಬದಲಾವಣೆಗಳ ಪಟ್ಟಿ ಬೇರೆ. ಅಲ್ಲಿ ಗಂಟೆಯ ಒಪ್ಪಂದಕ್ಕೆ ಅವಧಿ ಇರತ್ತೆ, ಮುಗಿಯೋದಕ್ಕೆ ಮುಂಚೆ ಹೊಸದು ಮಾಡ್ಕೊಬೇಕು. ಮೈಕ್ರೋಸಾಫ್ಟಿನ ಒನ್‌ಡ್ರೈವ್‌ನಲ್ಲಿ ಕರ್ಸರಿನ ಜಾಗದಲ್ಲಿ ಡೆಲ್ಟಾ ಲಿಂಕ್ ಸಿಗತ್ತೆ. ಆದರೆ ಎಲ್ಲ ವೆಬ್‌ಹುಕ್ಕೂ ಗಂಟೆಯಲ್ಲ ಅನ್ನೋದು ನೆನಪಿರಲಿ. ನಮ್ಮ ಬೆಂಗಳೂರಿನ ರೇಜರ್‌ಪೇ ಕಳಿಸೋ ವೆಬ್‌ಹುಕ್ಕಿನಲ್ಲಿ ಆ ಪಾವತಿಯ ವಿವರವೇ ಇರತ್ತೆ. ಫೆಸ್ಟ್ ಟಿಕೆಟ್ ಮಾರೋ ಸೈಟಿನಲ್ಲಿ ಅವನ್ನು ಈ ಥರ ಮಡಚಿದರೆ ದುಡ್ಡು ಕೊಟ್ಟವರಿಗೆ ಟಿಕೆಟ್ ಸಿಗಲ್ಲ. ಅಲ್ಲಿ ಪ್ರತಿಯೊಂದನ್ನೂ ಕ್ಯೂನಲ್ಲಿ ಇಟ್ಟು, ಈವೆಂಟ್ ಐಡಿ ನೋಡಿ ಎರಡನೇ ಪ್ರತಿಯನ್ನು ಮಾತ್ರ ಬಿಡಬೇಕು.

ನಿಮ್ಮ ಕೋಡು ಒಂಬತ್ತನೇ ಫೈಲನ್ನು ನುಂಗುತ್ತದಾ ಅಂತ ನೋಡೋಕೆ 200 ಫೈಲು ಬೇಕಿಲ್ಲ, ಎರಡು ಸಾಕು. ಪರೀಕ್ಷೆ ಮುಗಿಯೋ ತನಕ ಆ 15 ನಿಮಿಷದ ಕ್ರಾನನ್ನು ಬಂದ್ ಮಾಡಿಡಿ, ಇಲ್ಲದಿದ್ದರೆ ಅದು ತಪ್ಪನ್ನು ಮುಚ್ಚಿಹಾಕತ್ತೆ. ವರ್ಕರಿನಲ್ಲಿ ಪಟ್ಟಿ ಬಂದ ನಂತರ, ದಾಖಲಿಸೋದಕ್ಕೆ ಮುಂಚೆ, 20 ಸೆಕೆಂಡು ನಿದ್ದೆ ಹಾಕಿಸಿ. ಮೊದಲ ಫೈಲು ಹಾಕಿ, ಲಾಗಿನಲ್ಲಿ ಪಟ್ಟಿ ಬಂದದ್ದು ಕಂಡ ಮೇಲೆ ಎರಡನೇದು ಹಾಕಿ, ಕೈಕಟ್ಟಿ ಕೂರಿ. ಮೊದಲ ಓಟ ಮುಗಿದ ಮೇಲೆ ಎರಡನೇ ಓಟ ತಾನಾಗೇ ಶುರುವಾಗಿ ರಿಜಿಸ್ಟರಿನಲ್ಲಿ ಎರಡು ಸಾಲು ಬರಬೇಕು. ಆಮೇಲೆ ಅದೇ ನಿದ್ದೆಯ ನಡುವೆ ವರ್ಕರನ್ನು ಕೊಂದು ಮತ್ತೆ ಎಬ್ಬಿಸಿ, ಕ್ರಾನ್ ಶುರುಮಾಡಿ. ಆಗಲೂ ಎರಡೇ ಸಾಲು, ಎರಡೇ ಮೇಲ್ ಇರಬೇಕು.